ರಾಕೆಟ್ ಮರಳಿ ಇಳಿಯುವುದನ್ನು ನೋಡುವ ಬಗೆ, ಮಂಗಳಯಾತ್ರೆಯ ಮಾತನ್ನು ಅಳೆಯುವ ಬಗೆ

2024ರ ಅಕ್ಟೋಬರ್ 13, ವಿಜಯದಶಮಿಯ ಮರುದಿನದ ಭಾನುವಾರ. ನಮ್ಮ ಗಡಿಯಾರದಲ್ಲಿ ಸಂಜೆ 5:55 ಆದಾಗ ಟೆಕ್ಸಾಸ್‌ನ ಬೋಕಾ ಚಿಕಾ ಕಡಲತೀರದಿಂದ, ಮನುಷ್ಯರನ್ನು ಮಂಗಳಕ್ಕೆ ಒಯ್ಯಲೆಂದು ಇಲಾನ್ ಮಸ್ಕ್ ಅವರ ಸ್ಪೇಸ್‌ಎಕ್ಸ್ ಕಂಪನಿ ಕಟ್ಟುತ್ತಿರುವ ದೈತ್ಯ ರಾಕೆಟ್ ಸ್ಟಾರ್‌ಶಿಪ್ ಐದನೇ ಸಲ ಮೇಲೆದ್ದಿತು. ಸುಮಾರು ಏಳು ನಿಮಿಷಕ್ಕೆ ಅದರ ಕೆಳಭಾಗ, ಅಂದರೆ 70 ಮೀಟರ್‌ಗೂ ಉದ್ದದ ಸೂಪರ್ ಹೆವಿ ಬೂಸ್ಟರ್, ಹೊರಟ ಜಾಗಕ್ಕೇ ಮರಳಿ ಬಂತು. ಉಡಾವಣಾ ಗೋಪುರದ ಎರಡು ಉಕ್ಕಿನ ತೋಳುಗಳು ಅದನ್ನು ಗಾಳಿಯಲ್ಲೇ ಹಿಡಿದುಕೊಂಡವು. ಅಂದಿನಿಂದ ನನ್ನ ಪರಿಚಯದವರಲ್ಲಿ ಎರಡು ಪ್ರಶ್ನೆ ಹೆಚ್ಚಾಗಿವೆ. ಇದನ್ನೆಲ್ಲ ಸರಿಯಾಗಿ ಹಿಂಬಾಲಿಸುವುದು ಹೇಗೆ? ಮನುಷ್ಯರು ಮಂಗಳಕ್ಕೆ ಹೋಗುತ್ತಾರೆ ಎನ್ನುವ ಮಾತನ್ನು ಎಷ್ಟು ನಂಬಬೇಕು?

ಎರಡಕ್ಕೂ ಉತ್ತರ ಒಂದೇ ಅಭ್ಯಾಸದಲ್ಲಿದೆ. ಪ್ರತಿ ಹಾರಾಟದ ನಂತರ ‘ಇವತ್ತು ಯಾವುದು ಸಾಬೀತಾಯಿತು, ಯಾವುದು ಬಾಕಿ ಉಳಿಯಿತು’ ಎಂದು ನಿಮ್ಮ ಮಾತಲ್ಲೇ ಹೇಳಲು ಬರಬೇಕು. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಹೈಸ್ಕೂಲ್ ವಿಜ್ಞಾನ, ಒಂದು ನೋಟ್‌ಬುಕ್, ಇಂಟರ್ನೆಟ್ ಇದ್ದರೆ ಸಾಕು. ನಾನು ಹೊಸಬರಿಗೆ ಹೇಳಿಕೊಡುವ ಕ್ರಮ ಹೀಗಿದೆ.

ಹೆಜ್ಜೆ 1: ಸಮಯದ ಲೆಕ್ಕ ಸರಿ ಮಾಡಿಕೊಳ್ಳಿ

ಉಡಾವಣೆ ತಪ್ಪಿಸಿಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆ ಅವಧಿಯಲ್ಲಿ ಫ್ಲಾರಿಡಾದ ಕೇಪ್ ಕೆನವೆರಲ್ ಸಮಯಕ್ಕೆ ಒಂಬತ್ತೂವರೆ ಗಂಟೆ, ಟೆಕ್ಸಾಸ್ ಸಮಯಕ್ಕೆ ಹತ್ತೂವರೆ ಗಂಟೆ, ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ಸಮಯಕ್ಕೆ ಹನ್ನೆರಡೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ಸಿಗುತ್ತದೆ. ಚಳಿಗಾಲದಲ್ಲಿ ಇವೆಲ್ಲಕ್ಕೂ ಇನ್ನೊಂದು ಗಂಟೆ ಸೇರಿಸಬೇಕು. ತಾರೀಖೂ ಬದಲಾಗುತ್ತದೆ. ಸ್ಟಾರ್‌ಶಿಪ್‌ನ 11ನೇ ಹಾರಾಟ 2025ರ ಅಕ್ಟೋಬರ್ 13ರ ಸಂಜೆ ಟೆಕ್ಸಾಸ್‌ನಿಂದ ಹೊರಟಾಗ ನಮ್ಮಲ್ಲಿ 14ರ ಬೆಳಗಿನ ಜಾವ ಐದು ಗಂಟೆ ಹತ್ತಿರವಾಗಿತ್ತು.

ವೇಳಾಪಟ್ಟಿಗಳಲ್ಲಿ ‘ಎನ್‌ಇಟಿ’ ಎಂದಿದ್ದರೆ, ಅದಕ್ಕಿಂತ ಮೊದಲಂತೂ ಇಲ್ಲ ಎಂದಷ್ಟೇ ತಿಳಿಯಿರಿ. ಅದನ್ನು ಖಚಿತ ದಿನಾಂಕ ಎಂದುಕೊಂಡು ರಜೆ ಹಾಕಬೇಡಿ. ಉಡಾವಣೆ ಮುಂದೆ ಹೋಗುವುದು ಇಲ್ಲಿ ಮಾಮೂಲು. ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಆಕ್ಸಿಯಮ್-4 ಯಾತ್ರೆಯನ್ನೇ ನೆನೆಯಿರಿ. ಬೂಸ್ಟರ್‌ನಲ್ಲಿ ದ್ರವ ಆಮ್ಲಜನಕ ಸೋರುವುದು ಕಂಡುಬಂತು, ಆಮೇಲೆ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ಭಾಗದ ಸೋರಿಕೆಯ ವಿಷಯ ಎದ್ದಿತು. ಹೀಗೆ ಮತ್ತೆ ಮತ್ತೆ ಮುಂದಕ್ಕೆ ಹೋಗಿ ಕೊನೆಗೆ 2025ರ ಜೂನ್ 25ರಂದು ನಮ್ಮ ಮಧ್ಯಾಹ್ನ 12:01ಕ್ಕೆ ಹೊರಟಿತು. ಆ ‘ಒಂದು ನಿಮಿಷ’ಕ್ಕೂ ಕಾರಣವಿದೆ. ಭೂಮಿ ತಿರುಗುತ್ತಾ ಉಡಾವಣಾ ನೆಲೆಯನ್ನು ನಿಲ್ದಾಣದ ಕಕ್ಷೆಯ ಸಮತಲಕ್ಕೆ ತಂದು ನಿಲ್ಲಿಸುವ ಕ್ಷಣದಲ್ಲೇ ಹೊರಡಬೇಕು. ಸ್ಪೇಸ್‌ಎಕ್ಸ್‌ನ ಇಂಟರ್ನೆಟ್ ಉಪಗ್ರಹಗಳಾದ ಸ್ಟಾರ್‌ಲಿಂಕ್‌ನ ಕೆಲವು ಉಡಾವಣೆಗಳಿಗೆ ಗಂಟೆಗಟ್ಟಲೆ ಅವಕಾಶ ಇರುತ್ತದೆ, ನಿಲ್ದಾಣಕ್ಕೆ ಹೋಗುವವುಗಳಿಗೆ ಇರುವುದಿಲ್ಲ. ಅಂದ ಹಾಗೆ, ಆ ಯಾತ್ರೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ಹೆಸರುಕಾಳು, ಮೆಂತ್ಯ ಮೊಳಕೆ ಪ್ರಯೋಗವೂ ಮೇಲೆ ಹೋಗಿತ್ತು.

ಹೆಜ್ಜೆ 2: ನಂಬಿಕಸ್ಥ ನೇರಪ್ರಸಾರ ಹುಡುಕಿಕೊಳ್ಳಿ

ಸ್ಪೇಸ್‌ಎಕ್ಸ್ ತನ್ನ ವೆಬ್‌ಸೈಟ್ ಮತ್ತು ಎಕ್ಸ್ ಖಾತೆಯಲ್ಲಿ ನೇರಪ್ರಸಾರ ಮಾಡುತ್ತದೆ. ನಾಸಾ, ಇಸ್ರೋ ಎರಡಕ್ಕೂ ಯೂಟ್ಯೂಬ್ ಚಾನೆಲ್ ಇದೆ. ಸ್ವತಂತ್ರವಾಗಿ ತೋರಿಸುವವರಲ್ಲಿ ನಾಸಾಸ್ಪೇಸ್‌ಫ್ಲೈಟ್ (ಹೆಸರಲ್ಲಿ ನಾಸಾ ಇದ್ದರೂ ಸರ್ಕಾರದ್ದಲ್ಲ), ಸ್ಪೇಸ್‌ಫ್ಲೈಟ್ ನೌ, ಎವ್ರಿಡೇ ಆ್ಯಸ್ಟ್ರೋನಾಟ್ ಚೆನ್ನಾಗಿವೆ. ಹೊಸಬರಿಗೆ ಇವರ ವಿವರಣೆ ಕಂಪನಿಯ ನಿರೂಪಣೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ತಪ್ಪಾದಾಗ ತಪ್ಪಾಯಿತು ಎಂದು ಬೇಗ ಹೇಳುತ್ತಾರೆ.

ಎಚ್ಚರಿಕೆ ಒಂದಿದೆ. ದೊಡ್ಡ ಉಡಾವಣೆಯ ದಿನ ಯೂಟ್ಯೂಬ್‌ನಲ್ಲಿ ನಕಲಿ ‘ಲೈವ್’ಗಳು ತಲೆಯೆತ್ತುತ್ತವೆ. ಇಲಾನ್ ಮಸ್ಕ್ ಮುಖ, ಕೃತಕವಾಗಿ ಮಾಡಿದ ದನಿ, ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್, ಬಿಟ್‌ಕಾಯಿನ್ ಕಳಿಸಿದರೆ ಎರಡರಷ್ಟು ವಾಪಸ್ ಎಂಬ ಆಸೆ. ಹಣ ಕೇಳಿದ ಕ್ಷಣವೇ ಮುಚ್ಚಿಬಿಡಿ. ಮನೆಯ ಹಿರಿಯರ ಫೋನಿನಲ್ಲೂ ಸರಿಯಾದ ಚಾನೆಲ್ ಅನ್ನು ಸಬ್‌ಸ್ಕ್ರೈಬ್ ಮಾಡಿಕೊಡಿ.

ಹೆಜ್ಜೆ 3: ಒಂದು ಫಾಲ್ಕನ್ 9 ಉಡಾವಣೆಯನ್ನು ಮೊದಲಿಂದ ಕೊನೆಯವರೆಗೆ ನೋಡಿ

ಸ್ಟಾರ್‌ಶಿಪ್‌ಗೆ ಹೋಗುವ ಮೊದಲು ಇದು ಆಗಲೇಬೇಕು. ಸ್ಪೇಸ್‌ಎಕ್ಸ್‌ನ ಚಿಕ್ಕ ರಾಕೆಟ್ ಆದ ಫಾಲ್ಕನ್ 9 ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹಾರುತ್ತದೆ, ಹಾಗಾಗಿ ಅಭ್ಯಾಸಕ್ಕೆ ಕಾಯಬೇಕಿಲ್ಲ.

70 ಮೀಟರ್ ಎತ್ತರ, ಕೆಳಹಂತದಲ್ಲಿ ಒಂಬತ್ತು ಮರ್ಲಿನ್ ಎಂಜಿನ್, ಸಂಸ್ಕರಿಸಿದ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ. ಹೊರಡಲು ಸುಮಾರು 35 ನಿಮಿಷ ಇರುವಾಗ ಇಂಧನ ತುಂಬಲು ಶುರು ಮಾಡುತ್ತಾರೆ. ಅತಿಯಾಗಿ ತಣಿಸಿದ ಆಮ್ಲಜನಕ ಬಿಸಿಯೇರುವ ಮುನ್ನ ಹೊರಡಬೇಕಾದ್ದರಿಂದ ಅಷ್ಟು ತಡವಾಗಿ ತುಂಬುವುದು. ಕೊನೆಯ ನಿಮಿಷಗಳಲ್ಲಿ ಎಣಿಕೆ ನಿಂತರೆ ಅದೇ ದಿನ ಮತ್ತೆ ಹೊರಡುವುದು ಕಷ್ಟವಾಗುವುದೂ ಇದರಿಂದಲೇ.

ಮೇಲೆದ್ದ ಮೇಲೆ ಪರದೆಯ ಅಂಚಿನಲ್ಲಿರುವ ವೇಗ ಮತ್ತು ಎತ್ತರದ ಅಂಕಿಗಳ ಮೇಲೆ ಕಣ್ಣಿಡಿ. ಒಂದು ನಿಮಿಷ ದಾಟಿದ ಮೇಲೆ ‘ಮ್ಯಾಕ್ಸ್ ಕ್ಯೂ’ ಎನ್ನುತ್ತಾರೆ, ಗಾಳಿಯ ಒತ್ತಡ ರಾಕೆಟ್ ಮೇಲೆ ಅತಿ ಹೆಚ್ಚಾಗುವ ಹಂತ ಅದು. ಎರಡೂವರೆ ನಿಮಿಷದ ಸುಮಾರಿಗೆ ಕೆಳಹಂತದ ಎಂಜಿನ್‌ಗಳು ಆರಿ, ಎರಡು ಹಂತ ಬೇರೆಯಾಗುತ್ತವೆ. ಇಲ್ಲಿಂದ ಪರದೆ ಎರಡು ಭಾಗವಾಗುತ್ತದೆ. ಉಪಗ್ರಹ ಹೊತ್ತ ಮೇಲಿನ ಹಂತ ಒಂದು ಕಡೆ, ಮರಳಿ ಬರುತ್ತಿರುವ ಬೂಸ್ಟರ್ ಇನ್ನೊಂದು ಕಡೆ. ಎಲ್ಲರ ಕಣ್ಣು ಬೂಸ್ಟರ್ ಮೇಲೆ ಇರುತ್ತದೆ. ಹಣ ಕೊಟ್ಟ ಗ್ರಾಹಕನಿಗೆ ಮುಖ್ಯವಾದದ್ದು ಇನ್ನೊಂದು ಕಿಟಕಿ ಎಂಬುದು ನೆನಪಿರಲಿ.

ಈಗ ಇಳಿಯುವುದನ್ನು ಹತ್ತಿರದಿಂದ ನೋಡೋಣ. ಬೂಸ್ಟರ್‌ನ ತಲೆಯ ಬಳಿ ಜಾಲರಿಯಂಥ ನಾಲ್ಕು ಟೈಟಾನಿಯಂ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ. ಕ್ಯಾಮೆರಾ ಅವುಗಳ ಪಕ್ಕದಲ್ಲೇ ಇರುವುದರಿಂದ ಅವು ಸಣ್ಣ ಸಣ್ಣಗೆ ತಿರುಗಿ ದಿಕ್ಕು ತಿದ್ದುವುದು ಕಾಣುತ್ತದೆ. ವಾತಾವರಣ ದಟ್ಟವಾಗುವಾಗ ಎಂಜಿನ್‌ಗಳು ಒಮ್ಮೆ ಉರಿದು ವೇಗ ತಗ್ಗಿಸುತ್ತವೆ. ಕೊನೆಗೆ ಒಂದೇ ಎಂಜಿನ್ ಹೊತ್ತಿಕೊಳ್ಳುತ್ತದೆ. ಸೊಗಸು ಇರುವುದು ಇಲ್ಲಿ. ಟ್ಯಾಂಕ್ ಹೆಚ್ಚುಕಡಿಮೆ ಖಾಲಿಯಾಗಿ ಬೂಸ್ಟರ್ ಎಷ್ಟು ಹಗುರವಾಗಿರುತ್ತದೆಂದರೆ, ಒಂದು ಎಂಜಿನ್ ಅನ್ನು ಕನಿಷ್ಠಕ್ಕೆ ಇಳಿಸಿದರೂ ಅದರ ತಳ್ಳುಬಲ ಬೂಸ್ಟರ್‌ನ ತೂಕಕ್ಕಿಂತ ಜಾಸ್ತಿ. ಗಾಳಿಯಲ್ಲಿ ನಿಂತು ಜಾಗ ನೋಡಿಕೊಂಡು ಇಳಿಯುವ ಸೌಕರ್ಯವೇ ಅದಕ್ಕಿಲ್ಲ. ವೇಗ ಸೊನ್ನೆಯಾಗುವ ಕ್ಷಣ ಮತ್ತು ಕಾಲು ನೆಲ ಮುಟ್ಟುವ ಕ್ಷಣ ಒಂದೇ ಆಗಿರಬೇಕು. ಬೇಗ ಹೊತ್ತಿಸಿದರೆ ಮೇಲೆಯೇ ವೇಗ ಸೊನ್ನೆಯಾಗಿ ಮತ್ತೆ ಮೇಲಕ್ಕೆ ಹೊರಟುಬಿಡುತ್ತದೆ, ತಡವಾದರೆ ಅಪ್ಪಳಿಸುತ್ತದೆ. ಎಂಟೂವರೆ ನಿಮಿಷದ ಆಸುಪಾಸಿನಲ್ಲಿ ಸಮುದ್ರದ ನಡುವಿನ ಹಡಗಿನ ಮೇಲೋ ಕರಾವಳಿಯ ಕಾಂಕ್ರೀಟ್ ಮೇಲೋ ಈ ಲೆಕ್ಕ ಕೂಡಿಬರುವುದನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ನೆಲದ ಮೇಲೆ ಮೊದಲ ಸಲ ಹೀಗೆ ಇಳಿದದ್ದು 2015ರ ಡಿಸೆಂಬರ್‌ನಲ್ಲಿ, ಹಡಗಿನ ಮೇಲೆ 2016ರ ಏಪ್ರಿಲ್‌ನಲ್ಲಿ. ಇಳಿಸಿದ ಬೂಸ್ಟರ್ ಮತ್ತೆ ಹಾರಿದ್ದು 2017ರ ಮಾರ್ಚ್‌ನಲ್ಲಿ. ಬಿ1067 ಎಂಬ ಬೂಸ್ಟರ್ 2025ರ ಆಗಸ್ಟ್‌ನಲ್ಲಿ ತನ್ನ 30ನೇ ಹಾರಾಟ ಮುಗಿಸಿತು.

ಹೆಜ್ಜೆ 4: ನೋಟ್‌ಬುಕ್ ಇಡಿ

ಮೊಬೈಲ್ ಆ್ಯಪ್‌ಗಳಲ್ಲಿ ಎಲ್ಲ ಮಾಹಿತಿಯೂ ಇದೆ, ಆದರೂ ಕೈಯಲ್ಲಿ ಬರೆಯಿರಿ. ಪ್ರತಿ ಹಾರಾಟಕ್ಕೆ ತಾರೀಖು, ಬೂಸ್ಟರ್ ಸಂಖ್ಯೆ, ಅದರ ಎಷ್ಟನೇ ಹಾರಾಟ, ಎಲ್ಲಿ ಇಳಿಯಿತು ಎಂದು ಒಂದು ಸಾಲು. ಅದರ ಕೆಳಗೆ ಹಾರಾಟಕ್ಕೆ ಮುಂಚೆ ಅವರು ಏನು ಸಾಧಿಸುತ್ತೇವೆ ಅಂದಿದ್ದರು, ಏನು ಆಯಿತು ಎಂದು ಎರಡು ಸಾಲು. ‘ಮುಂಚೆ’ ಎನ್ನುವುದು ಮುಖ್ಯ. ಹಾರಾಟ ಮುಗಿದ ಮೇಲೆ ಗುರಿಗಳು ಮೆಲ್ಲಗೆ ಜಾಗ ಬದಲಿಸುವುದುಂಟು. ಬರೆದಿಟ್ಟಿದ್ದರೆ ನಿಮಗೆ ಗೊತ್ತಾಗುತ್ತದೆ.

ಬೇರೆಯವರಿಗೂ ಜಾಗ ಬಿಡಿ. ಬ್ಲೂ ಒರಿಜಿನ್‌ನ ನ್ಯೂ ಗ್ಲೆನ್ ರಾಕೆಟ್ 2025ರ ಜನವರಿಯ ಮೊದಲ ಹಾರಾಟದಲ್ಲಿ ಕಕ್ಷೆ ತಲುಪಿತು, ಬೂಸ್ಟರ್ ಕಳೆದುಕೊಂಡಿತು. ನವೆಂಬರ್ 13ರ ಎರಡನೇ ಹಾರಾಟದಲ್ಲೇ ಬೂಸ್ಟರ್ ಹಡಗಿನ ಮೇಲೆ ಇಳಿಯಿತು. ಆ ಹಾರಾಟ ಹೊತ್ತೊಯ್ದದ್ದು ಮಂಗಳಕ್ಕೆ ಹೋಗುವ ಎಸ್ಕಪೇಡ್ ಎಂಬ ಜೋಡಿ ನೌಕೆಗಳನ್ನು. ಚೀನಾದ ಝೂಕ್ವೆ-3 ರಾಕೆಟ್ ಕೂಡ 2025ರ ಡಿಸೆಂಬರ್‌ನಲ್ಲಿ ಕಕ್ಷೆ ಮುಟ್ಟಿತು, ಬೂಸ್ಟರ್ ಇಳಿಸಲು ಹೋಗಿ ಸೋತಿತು.

ಹೆಜ್ಜೆ 5: ಸ್ಟಾರ್‌ಶಿಪ್ ಹಾರಾಟವನ್ನು ತುಂಡು ಮಾಡಿ ಓದಿ

120 ಮೀಟರ್ ದಾಟಿದ ಎತ್ತರ, ಒಂಬತ್ತು ಮೀಟರ್ ಅಗಲ, ಬೂಸ್ಟರ್‌ನಲ್ಲಿ 33 ರ‍್ಯಾಪ್ಟರ್ ಎಂಜಿನ್, ಮೇಲಿನ ನೌಕೆಯಲ್ಲಿ ಆರು. ಇಂಧನ ಮೀಥೇನ್. ಉಡಾವಣೆಗೆ ಮೊದಲಿನ ವಾರಗಳನ್ನೂ ಗಮನಿಸಿ. ಬೂಸ್ಟರ್ ಅನ್ನು ಚಕ್ರದ ವಾಹನದ ಮೇಲೆ ನಿಲ್ಲಿಸಿ ಹೆದ್ದಾರಿಯಲ್ಲೇ ತೇರು ಎಳೆದ ಹಾಗೆ ನಿಧಾನಕ್ಕೆ ತರುತ್ತಾರೆ. ಬಿಗಿದಿಟ್ಟು ಎಂಜಿನ್ ಉರಿಸುವ ಸ್ಟ್ಯಾಟಿಕ್ ಫೈರ್ ನಡೆಯುತ್ತದೆ. ಕಡಲತೀರದ ರಸ್ತೆ ಮುಚ್ಚುವ ಸೂಚನೆ, ವಿಮಾನ ಮತ್ತು ಹಡಗುಗಳಿಗೆ ಎಚ್ಚರಿಕೆ ಹೊರಡುತ್ತವೆ. ಇವು ಸಾಲಾಗಿ ಬಂದರೆ ದಿನ ಹತ್ತಿರವಾಯಿತು. ಒಂದು ಟ್ವೀಟ್‌ಗಿಂತ ರಸ್ತೆ ಮುಚ್ಚುವ ಸೂಚನೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಹಾರಾಟದ ದಿನ ‘ಗೆದ್ದಿತಾ, ಸೋತಿತಾ’ ಎಂದು ಕೇಳಬೇಡಿ. ಬೂಸ್ಟರ್ ಏರಿಕೆ, ಹಂತಗಳ ಬೇರ್ಪಡೆ, ಬೂಸ್ಟರ್ ಮರಳುವಿಕೆ, ನೌಕೆಯ ಎಂಜಿನ್ ಉರಿಯುವಿಕೆ, ಬಾಹ್ಯಾಕಾಶದಲ್ಲಿ ಮರುಚಾಲನೆ, ವಾತಾವರಣ ಪ್ರವೇಶ, ಕೊನೆಯ ಇಳಿತ ಎಂದು ಏಳು ಕಾಲಂ ಮಾಡಿ, ಒಂದೊಂದಕ್ಕೂ ಗುರುತು ಹಾಕಿ. 2025ರ ಜನವರಿಯ ಏಳನೇ ಹಾರಾಟದಲ್ಲಿ ಬೂಸ್ಟರ್ ಅನ್ನು ಗೋಪುರ ಹಿಡಿಯಿತು, ನೌಕೆ ಮಾತ್ರ ಸಿಡಿದು ಅದರ ಚೂರುಗಳು ಕೆರಿಬಿಯನ್ ಆಕಾಶದಲ್ಲಿ ಉರಿದವು. ಎಂಟನೆಯದರಲ್ಲೂ ಅದೇ ಕತೆ. ಮೇ ತಿಂಗಳ ಒಂಬತ್ತನೆಯದರಲ್ಲಿ ಮೊದಲ ಸಲ ಹಳೆಯ ಬೂಸ್ಟರ್ ಮತ್ತೆ ಹಾರಿತು, ಆದರೆ ಇಳಿಯುವಾಗ ಒಡೆಯಿತು. ನೌಕೆಯೂ ಹತೋಟಿ ತಪ್ಪಿತು. ಆಗಸ್ಟ್‌ನ ಹತ್ತನೆಯದು, ಅಕ್ಟೋಬರ್‌ನ ಹನ್ನೊಂದನೆಯದು ಗುರಿ ಮುಟ್ಟಿದವು. ಒಂದೇ ಪದದಲ್ಲಿ ತೀರ್ಪು ಕೊಡುವವರು ಇದರ ಅರ್ಧ ಕಲಿಕೆಯನ್ನು ಕಳೆದುಕೊಳ್ಳುತ್ತಾರೆ.

ಹಳೆಯದರಲ್ಲಿ ಒಂದನ್ನಾದರೂ ಹುಡುಕಿ ನೋಡಿ: 2024ರ ಜೂನ್ 6ರ ನಾಲ್ಕನೇ ಹಾರಾಟ. ವಾತಾವರಣಕ್ಕೆ ಮರಳುವಾಗ ನೌಕೆಯ ಸುತ್ತ ಗಾಳಿ ಕಿತ್ತಳೆ, ನೇರಳೆ ಬಣ್ಣದ ಪ್ಲಾಸ್ಮಾ ಆಯಿತು. ಶಾಖಕವಚದಲ್ಲಿ ಸಾವಿರಾರು ಷಟ್ಕೋನದ ಹಾಸುಗಳಿವೆ, ಆದರೆ ರೆಕ್ಕೆಯ ಕೀಲಿನ ಬಳಿ ಬಿಸಿ ಒಳನುಗ್ಗಿತು. ಸ್ಟಾರ್‌ಲಿಂಕ್ ಮೂಲಕ ಚಿತ್ರ ನೇರವಾಗಿ ಬರುತ್ತಲೇ ಇತ್ತು. ರೆಕ್ಕೆಯ ಅಂಚು ಕೆಂಪಾಗಿ, ಕಿಡಿ ಹಾರಿ, ತುಂಡು ತುಂಡಾಗಿ ಕಿತ್ತುಹೋಗುವುದು, ಕ್ಯಾಮೆರಾ ಗಾಜು ಬಿರುಕು ಬಿಟ್ಟು ಮಸಿಯಾಗುವುದು ಕಂಡಿತು. ಉಳಿದ ಆ ರೆಕ್ಕೆಯ ಮೋಟು ಕೊನೆಯವರೆಗೂ ತಿರುಗುತ್ತಲೇ ಇತ್ತು. ನೌಕೆ ಹಿಂದೂ ಮಹಾಸಾಗರದ ಮೇಲೆ ನೆಟ್ಟಗಾಗಿ ನಿಂತು ನೀರಿಗಿಳಿಯಿತು. ಮಂಗಳದಿಂದ ಮರಳುವವರು ಇದಕ್ಕಿಂತಲೂ ಹೆಚ್ಚಿನ ವೇಗದಲ್ಲಿ ಬರಬೇಕು ಎಂಬುದನ್ನು ನೆನೆದು ಆ ವಿಡಿಯೊ ನೋಡಿ.

ಹೆಜ್ಜೆ 6: ಮಂಗಳದ ಪಂಚಾಂಗ ನೀವೇ ಬರೆದುಕೊಳ್ಳಿ

ಭೂಮಿ ಮತ್ತು ಮಂಗಳ ಸೂರ್ಯನ ಸುತ್ತ ಬೇರೆ ಬೇರೆ ವೇಗದಲ್ಲಿ ಸುತ್ತುವುದರಿಂದ ಕಡಿಮೆ ಇಂಧನದ ದಾರಿ ಸುಮಾರು 26 ತಿಂಗಳಿಗೊಮ್ಮೆ ತೆರೆಯುತ್ತದೆ. ಸೂರ್ಯ, ಭೂಮಿ, ಮಂಗಳ ಒಂದೇ ಸಾಲಿಗೆ ಬರುವ ದಿನವನ್ನು ಬರೆದುಕೊಳ್ಳಿ. 2027ರ ಫೆಬ್ರುವರಿ 19, 2029ರ ಮಾರ್ಚ್ 25, 2031ರ ಮೇ 4, 2033ರ ಜೂನ್ ಕೊನೆ. ನೌಕೆಗಳು ಹೊರಡುವುದು ಸಾಮಾನ್ಯವಾಗಿ ಇದಕ್ಕೆ ಎರಡರಿಂದ ನಾಲ್ಕು ತಿಂಗಳು ಮೊದಲು. ನಮ್ಮ ಮಂಗಳಯಾನ ಭೂಕಕ್ಷೆ ಬಿಟ್ಟದ್ದು 2013ರ ಡಿಸೆಂಬರ್ 1ರಂದು, ಗ್ರಹಗಳು ಸಾಲಿಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ನಾಸಾದ ಮಂಗಳ ರೋವರ್ ಪರ್ಸಿವಿಯರೆನ್ಸ್ 2020ರ ಜುಲೈ 30ಕ್ಕೆ ಹೊರಟಿತು, ಸಾಲು ಅಕ್ಟೋಬರ್‌ನಲ್ಲಿ. ಹಾಗಾಗಿ ಅವಕಾಶಗಳು 2026ರ ಕೊನೆ, 2028–29ರ ಸಂಧಿ, 2031ರ ಆರಂಭ, 2033ರ ವಸಂತ. ಯಾರಾದರೂ 2027ರ ನಡುವೆ ಅಥವಾ 2030ರ ಬೇಸಿಗೆಯಲ್ಲಿ ಹೊರಡುತ್ತೇವೆ ಎಂದರೆ ಇದೊಂದೇ ಪಟ್ಟಿಯಿಂದ ಪ್ರಶ್ನೆ ಎತ್ತಬಹುದು. ಎಸ್ಕಪೇಡ್ ಮಾತ್ರ ಜಾಣ ಅಪವಾದ. ದಾರಿ ಮುಚ್ಚಿರುವಾಗಲೇ ಹೊರಟು, ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ತಾಣದ ಸುತ್ತ ಕಾದಿದ್ದು, 2026ರ ನವೆಂಬರ್‌ನಲ್ಲಿ ಮಂಗಳದತ್ತ ತಿರುಗುವುದು ಅದರ ಯೋಜನೆ.

ಹೆಜ್ಜೆ 7: ಮನುಷ್ಯರ ಯಾತ್ರೆಯ ಯೋಜನೆ ಕೇಳಿದಾಗ ಈ ಪ್ರಶ್ನೆಗಳನ್ನು ಹಾಕಿ

ಘೋಷಿಸಿದ ದಿನಾಂಕಗಳ ಚರಿತ್ರೆ ಉದ್ದವಾಗಿದೆ. 1990ರಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ 2019ರ ಗುರಿ ಕೊಟ್ಟರು. ನೆದರ್ಲೆಂಡ್ಸ್‌ನ ಮಾರ್ಸ್ ಒನ್ ಕಂಪನಿ ಮಂಗಳದಲ್ಲಿ ನೆಲೆಸಲು ಜನರಿಂದ ಅರ್ಜಿ ತೆಗೆದುಕೊಂಡು 2019ರಲ್ಲಿ ದಿವಾಳಿಯಾಯಿತು. 2017ರಲ್ಲಿ ಅಡಿಲೇಡ್‌ನಲ್ಲಿ ಮಸ್ಕ್ ಹೇಳಿದ್ದು 2022ಕ್ಕೆ ಸರಕು, 2024ಕ್ಕೆ ಮನುಷ್ಯರು ಎಂದು. ಇದರಿಂದ ಎಲ್ಲವೂ ಸುಳ್ಳು ಎಂದಾಗುವುದಿಲ್ಲ. 2017ರಲ್ಲಿ ಚಿತ್ರದಲ್ಲಷ್ಟೇ ಇದ್ದ ರಾಕೆಟ್ ಇವತ್ತು ನಿಜವಾಗಿ ಹಾರುತ್ತಿದೆ. ದಿನಾಂಕ ಬಿಟ್ಟು ಮೆಟ್ಟಿಲುಗಳನ್ನು ಎಣಿಸಿದರೆ ಸಿನಿಕತನವೂ ಬೇಕಿಲ್ಲ, ಕುರುಡು ನಂಬಿಕೆಯೂ ಬೇಕಿಲ್ಲ.

ಮೊದಲ ಪ್ರಶ್ನೆ, ಕಕ್ಷೆಯಲ್ಲಿ ಇಂಧನ ತುಂಬಿದ್ದಾರೆಯೇ? ಸ್ಟಾರ್‌ಶಿಪ್ ಕಕ್ಷೆ ಮುಟ್ಟುವಷ್ಟರಲ್ಲಿ ಅದರ ಟ್ಯಾಂಕ್ ಹೆಚ್ಚುಕಡಿಮೆ ಬರಿದು. ಸಾವಿರ ಟನ್‌ಗೂ ಮೀರಿದ ಮೀಥೇನ್ ಮತ್ತು ಆಮ್ಲಜನಕವನ್ನು ಟ್ಯಾಂಕರ್ ನೌಕೆಗಳು ಸರದಿಯಲ್ಲಿ ಮೇಲೊಯ್ದು ತುಂಬದೆ ಅದು ಮಂಗಳದ ದಾರಿ ಹಿಡಿಯಲಾರದು. 2024ರ ಮಾರ್ಚ್‌ನ ಮೂರನೇ ಹಾರಾಟದಲ್ಲಿ ಒಂದೇ ನೌಕೆಯ ಎರಡು ಟ್ಯಾಂಕ್‌ಗಳ ನಡುವೆ ಪ್ರಯೋಗ ಮಾಡಿದರು. 2025ರ ಅಕ್ಟೋಬರ್‌ನ ಹಾರಾಟದವರೆಗೂ ಯಾವ ಸ್ಟಾರ್‌ಶಿಪ್ಪೂ ಭೂಮಿಯನ್ನು ಪೂರ್ಣ ಕಕ್ಷೆಯಲ್ಲಿ ಸುತ್ತಿರಲಿಲ್ಲ. ಎರಡು ನೌಕೆಗಳು ಕಕ್ಷೆಯಲ್ಲಿ ಕೂಡಿಕೊಂಡು ಇಂಧನ ಸಾಗಿಸುವ ದಿನವನ್ನು ನೋಟ್‌ಬುಕ್‌ನಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ. ನನ್ನ ಮಟ್ಟಿಗೆ ಗೋಪುರ ಬೂಸ್ಟರ್ ಹಿಡಿದದ್ದಕ್ಕಿಂತ ಅದು ದೊಡ್ಡ ಸುದ್ದಿ.

ಇಳಿಯುವುದು ಹೇಗೆ? ಮಂಗಳದ ಗಾಳಿಯ ಒತ್ತಡ ನಮ್ಮದರ ಶೇ 1ಕ್ಕಿಂತ ಕಡಿಮೆ. ಬಿಸಿ ಹುಟ್ಟಿಸಲು ಅಷ್ಟು ಸಾಕು, ನಿಲ್ಲಿಸಲು ಸಾಲದು. ಅಮೆರಿಕ ಅಲ್ಲಿ ಇಳಿಸಿದ ಅತಿ ಭಾರದ ರೋವರ್ ಪರ್ಸಿವಿಯರೆನ್ಸ್ ಸುಮಾರು ಒಂದು ಟನ್ ಇದೆ. ಮನುಷ್ಯರಿಗೆ ಹತ್ತಾರು ಟನ್ ಇಳಿಯಬೇಕು. ಖಾಲಿ ನೌಕೆ ಮೊದಲು ಇಳಿದು ತೋರಿಸದೆ ಜನರನ್ನು ಕೂರಿಸುವ ಯಾವ ಯೋಜನೆಯನ್ನೂ ಒಪ್ಪಬೇಡಿ.

ಮರಳುವ ಇಂಧನ ಎಲ್ಲಿಂದ? ಅಲ್ಲಿನ ಇಂಗಾಲದ ಡೈಆಕ್ಸೈಡ್‌ಗೆ ಜಲಜನಕ ಸೇರಿಸಿ ಮೀಥೇನ್ ಮಾಡಬಹುದು. ಸ್ಟಾರ್‌ಶಿಪ್‌ಗೆ ಮೀಥೇನ್ ಆರಿಸಿದ್ದರ ಹಿಂದೆ ಈ ಲೆಕ್ಕವೂ ಇದೆ. ಜಲಜನಕಕ್ಕೆ ಅಲ್ಲಿನ ನೆಲದಡಿಯ ಹಿಮ ಅಗೆಯಬೇಕು. ಇಲ್ಲಿಯವರೆಗೆ ಮಂಗಳದಲ್ಲಿ ಮಾಡಿ ತೋರಿಸಿದ್ದು ಪರ್ಸಿವಿಯರೆನ್ಸ್‌ನ ಮಾಕ್ಸಿ ಉಪಕರಣದಿಂದ ಆಮ್ಲಜನಕ, ಒಟ್ಟು 122 ಗ್ರಾಂ. ಬೇಕಿರುವುದು ನೂರಾರು ಟನ್. ವಿದ್ಯುತ್ ಎಲ್ಲಿಂದ ಎಂದೂ ಕೇಳಿ. 2018ರ ಧೂಳಿನ ಬಿರುಗಾಳಿ ಸೌರಶಕ್ತಿಯಿಂದ ಓಡುತ್ತಿದ್ದ ಆಪರ್ಚುನಿಟಿ ರೋವರ್ ಅನ್ನು ಮುಗಿಸಿತು, 2022ರಲ್ಲಿ ಇನ್‌ಸೈಟ್ ನೌಕೆಯ ಸೌರಫಲಕಗಳೂ ಧೂಳಿನಿಂದ ಸೋತವು.

ಕೊನೆಯದು ಮನುಷ್ಯರ ದೇಹ ಮತ್ತು ಮನಸ್ಸು. ಹೋಗಲು ಆರರಿಂದ ಒಂಬತ್ತು ತಿಂಗಳು, ದಾರಿ ಮತ್ತೆ ತೆರೆಯುವವರೆಗೆ ಅಲ್ಲಿ ಒಂದೂವರೆ ವರ್ಷದಷ್ಟು ಕಾಯುವಿಕೆ, ಮತ್ತೆ ಮರಳುವ ಪ್ರಯಾಣ. ಒಂದೇ ಸಲಕ್ಕೆ ಬಾಹ್ಯಾಕಾಶದಲ್ಲಿ ಅತಿ ಹೆಚ್ಚು ಕಾಲ ಇದ್ದ ವಲೆರಿ ಪಾಲ್ಯಕೊವ್ ಅವರದ್ದು 437 ದಿನ. ಕ್ಯೂರಿಯಾಸಿಟಿ ರೋವರ್ ಮಂಗಳದ ದಾರಿಯಲ್ಲಿ ಅಳೆದ ವಿಕಿರಣದ ಲೆಕ್ಕದಲ್ಲಿ ಹೋಗಿ ಬರುವ ಪ್ರಯಾಣವೊಂದಕ್ಕೇ ಸುಮಾರು 0.66 ಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ತಗಲುತ್ತದೆ. ಒಬ್ಬ ಗಗನಯಾತ್ರಿಯ ಇಡೀ ವೃತ್ತಿಜೀವನಕ್ಕೆ ನಾಸಾ ಇಟ್ಟಿರುವ ಮಿತಿ 0.6. ಮಾತು ತಲುಪಲು ಮೂರರಿಂದ 22 ನಿಮಿಷ ಬೇಕು, ಹಾಗಾಗಿ ತುರ್ತಿನಲ್ಲಿ ಭೂಮಿಯನ್ನು ಕೇಳಿ ಮಾಡುವಂತಿಲ್ಲ. ಹ್ಯೂಸ್ಟನ್‌ನಲ್ಲಿ ನಾಸಾದ ಚಪೇಯಾ ಪ್ರಯೋಗದಲ್ಲಿ ನಾಲ್ವರು 378 ದಿನ ಕೃತಕ ಮಂಗಳ ಮನೆಯಲ್ಲಿದ್ದು 2024ರ ಜುಲೈ 6ರಂದು ಹೊರಬಂದರು. ಎರಡನೇ ತಂಡ 2025ರ ಅಕ್ಟೋಬರ್‌ನಲ್ಲಿ ಒಳಹೋಯಿತು. ಇಂಥ ಸುದ್ದಿಗೆ ಬೆಂಕಿ, ಹೊಗೆ ಇಲ್ಲದ್ದರಿಂದ ಯಾರೂ ಹಂಚಿಕೊಳ್ಳುವುದಿಲ್ಲ, ನೀವು ಹಿಂಬಾಲಿಸಿ.

ಹೆಜ್ಜೆ 8: ಮನೆಯ ಹತ್ತಿರದ್ದನ್ನು ಬಿಡಬೇಡಿ

ಮರುಬಳಕೆಯ ಪ್ರಯೋಗ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ನಡೆದಿದೆ. ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ನೆಲೆಯಲ್ಲಿ ಇಸ್ರೋದ ರೆಕ್ಕೆಯುಳ್ಳ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನಾಗಿಯೇ ದಾರಿ ಹಿಡಿದು ಬಂದು ರನ್‌ವೇ ಮೇಲೆ ಇಳಿಯಿತು. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23, ಮೂರು ಸಲವೂ ಯಶಸ್ಸು. ಪುಷ್ಪಕ್ ಎಂದು ಹೆಸರಿಟ್ಟ ಈ ವಾಹನ ನೆಲ ಮುಟ್ಟುವಾಗಿನ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು. ಮೂರನೇ ಪ್ರಯೋಗಕ್ಕೆ ಎರಡನೆಯದರ ದೇಹವನ್ನೇ ಮತ್ತೆ ಬಳಸಿದರು. ಅಲ್ಲಿಗೆ ಹೋಗಿ ನೋಡಲು ಅವಕಾಶವಿಲ್ಲ, ಇಸ್ರೋ ಹಾಕಿದ ವಿಡಿಯೊ ನೋಡಿ. ಕೆಳಹಂತ ಮರುಬಳಕೆಯಾಗುವ ಮುಂದಿನ ತಲೆಮಾರಿನ ಉಡಾವಣಾ ವಾಹನಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದಕ್ಕೂ ಒಂದು ಪುಟ ತೆಗೆದಿಡಿ.

ಕಣ್ಣಾರೆ ನೋಡಬೇಕೆಂದರೆ ಶ್ರೀಹರಿಕೋಟಾ. ಉಡಾವಣಾ ವೀಕ್ಷಣಾ ಗ್ಯಾಲರಿಗೆ ಇಸ್ರೋ ಕೆಲವು ದಿನ ಮೊದಲು ಆನ್‌ಲೈನ್ ನೋಂದಣಿ ತೆರೆಯುತ್ತದೆ, ಸೀಟು ಬೇಗ ತುಂಬುತ್ತವೆ. ಹತ್ತಿರದ ರೈಲು ನಿಲ್ದಾಣ ಸುಳ್ಳೂರುಪೇಟೆ. ನೋಂದಣಿಯಲ್ಲಿ ಕೊಟ್ಟ ಗುರುತಿನ ಚೀಟಿ, ನೀರು, ಟೋಪಿ ಇಟ್ಟುಕೊಳ್ಳಿ. ಮರಳುವ ಟಿಕೆಟ್ ಅನ್ನು ಅದೇ ಸಂಜೆಗೆ ಮಾಡಿಸಬೇಡಿ, ಉಡಾವಣೆ ಒಂದು ದಿನ ಮುಂದೆ ಹೋದರೆ ಅಲ್ಲೇ ಉಳಿಯಲು ಆಗಬೇಕು. ಮಕ್ಕಳಿದ್ದರೆ ಮೊದಲೇ ಹೇಳಿಡಿ: ಬೆಳಕು ಮೊದಲು ಬರುತ್ತದೆ, ಸದ್ದು ಹಲವು ಸೆಕೆಂಡ್ ತಡವಾಗಿ.